ಮನೆಗೆ ಬಂದವರಿಗೆ ಪೆಟ್ಟಾದಾಗ: ಅಮೆರಿಕದ ಮನೆ ವಿಮೆಯನ್ನು ಹಂತ ಹಂತವಾಗಿ ಬಳಸುವ ಬಗೆ

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರು ಈ ವಿಷಯದಲ್ಲಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಾರೆ. ಮನೆಗೆ ಬಂದವರು ಬಿದ್ದು ಪೆಟ್ಟು ಮಾಡಿಕೊಂಡಾಗ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಮೊದಲು ಮಾತು ಕೊಡುತ್ತಾರೆ, ಆಮೇಲೆ ಕೈಯಿಂದ ಹಣ ಕೊಡುತ್ತಾರೆ, ಬಿಲ್ಲು ಕೈಮೀರಿದ ಮೇಲೆ ವಿಮಾ ಕಂಪನಿಗೆ ಫೋನು ಮಾಡುತ್ತಾರೆ. ವಿಮೆಯ ಕರಾರು ಬಯಸುವ ಕ್ರಮ ಇದಕ್ಕೆ ತೀರ ತಲೆಕೆಳಗಾದದ್ದು: ಮೊದಲು ಶುಶ್ರೂಷೆ, ಕೂಡಲೇ ಕಂಪನಿಗೆ ಸುದ್ದಿ, ಎಲ್ಲಕ್ಕಿಂತ ಕೊನೆಗೆ ಹಣದ ಮಾತು, ಅದೂ ಕಂಪನಿಯ ಬಾಯಿಂದ.

ಸ್ವಂತ ಮನೆಗೆ ಹೆಚ್ಚಿನವರು ತೆಗೆದುಕೊಂಡಿರುವ ಎಚ್‌ಒ-3 ನಮೂನೆಯ ಪಾಲಿಸಿಯನ್ನು ಆಧಾರವಾಗಿಟ್ಟುಕೊಂಡು ಈ ಹಂತಗಳನ್ನು ವಿವರಿಸಲಾಗಿದೆ. ಕಾಂಡೊ ಮನೆಯವರ ಎಚ್‌ಒ-6 ಮತ್ತು ಬಾಡಿಗೆದಾರರ ಎಚ್‌ಒ-4 ನಮೂನೆಗಳಲ್ಲಿಯೂ ಗಾಯಕ್ಕೆ ಸಂಬಂಧಿಸಿದ ಭಾಗ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಆದರೆ ಕಂಪನಿಗಳು ವಾಕ್ಯಗಳನ್ನು ತಿದ್ದಿಕೊಂಡಿರುತ್ತವೆ, ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ; ಆದ್ದರಿಂದ ಇಲ್ಲಿ ಓದಿದ್ದನ್ನು ನಿಮ್ಮ ಪಾಲಿಸಿಯ ಅಕ್ಷರಗಳೊಂದಿಗೆ ತಾಳೆ ನೋಡದೆ ಹೆಜ್ಜೆ ಇಡಬೇಡಿ.

ವಿಷಯ ಕಣ್ಣಿಗೆ ಕಟ್ಟಲೆಂದು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ನ್ಯೂಜೆರ್ಸಿಯಲ್ಲಿ ನಿಮ್ಮ ಮನೆ, ಸಂಕ್ರಾಂತಿಯ ಸಂಜೆ. ಎಳ್ಳು-ಬೆಲ್ಲ ತೆಗೆದುಕೊಂಡು ಹೊರಟ ಗೆಳೆಯರ ತಾಯಿ, ಹಾಸನದಿಂದ ಮೂರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದವರು, ಮುಂಬಾಗಿಲ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ನೀರಿಗೆ ಕಾಲಿಟ್ಟು ಜಾರಿ ಮಣಿಕಟ್ಟಿನ ಮೂಳೆ ಮುರಿದುಕೊಳ್ಳುತ್ತಾರೆ.

ಮೊದಲೇ ಕೈಗೆಟುಕುವಂತಿರಬೇಕಾದವು

ಪಾಲಿಸಿಯ ಪೂರ್ಣ ಪ್ರತಿ ನಿಮ್ಮಲ್ಲಿರಬೇಕು. ಹೆಚ್ಚಿನವರ ಬಳಿ ಇರುವುದು ಮೊತ್ತಗಳನ್ನು ಪಟ್ಟಿ ಮಾಡಿದ ಒಂದೆರಡು ಹಾಳೆಯ ಡಿಕ್ಲರೇಷನ್ಸ್ ಪುಟ ಮಾತ್ರ. ಏನು ಸಲ್ಲುತ್ತದೆ, ಏನು ಸಲ್ಲುವುದಿಲ್ಲ ಎಂಬುದು ಅದರಲ್ಲಿರುವುದಿಲ್ಲ. ಎಂಡಾರ್ಸ್‌ಮೆಂಟ್ ಎಂದು ಕರೆಯುವ ತಿದ್ದುಪಡಿ ಹಾಳೆಗಳನ್ನೂ ಸೇರಿಸಿ ಕೇಳಿ ಪಡೆಯಿರಿ, ಏಕೆಂದರೆ ಮುಖ್ಯ ಪಾಲಿಸಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಮಾತುಗಳು ಅಲ್ಲಿಯೇ ಅಡಗಿರುತ್ತವೆ. ಇದರ ಜೊತೆಗೆ, ಮನೆ ಪಾಲಿಸಿಯ ಹೊಣೆಗಾರಿಕೆಯ ಮಿತಿ ಮುಗಿದ ಮೇಲೆ ಒದಗುವ ಅಂಬ್ರೆಲಾ ಪಾಲಿಸಿ ಇದ್ದರೆ ಅದರ ಪ್ರತಿ, ಫೋಟೊ ತೆಗೆಯಲು ಫೋನು, ದಿನಾಂಕ ಹಾಕಿ ಬರೆಯಲು ಒಂದು ನೋಟ್‌ಬುಕ್, ಬಂದ ಕಾಗದಗಳನ್ನೆಲ್ಲ ಇಡಲು ಒಂದು ಫೈಲು. ಇಷ್ಟು ಸಾಕು.

ಹಂತ 1: ಪಾಲಿಸಿಯ ಎರಡು ಜೇಬುಗಳನ್ನು ಗುರುತಿಸಿಕೊಳ್ಳಿ

ಎಚ್‌ಒ-3 ಪಾಲಿಸಿಯ ಮೊದಲ ಭಾಗ ಮನೆ ಮತ್ತು ಸಾಮಾನುಗಳಿಗೆ ಸಂಬಂಧಿಸಿದ್ದು. ಗಾಯದ ವಿಷಯವಿರುವುದು ಎರಡನೆಯ ಭಾಗದಲ್ಲಿ, ಅದರಲ್ಲಿಯೂ ಎರಡು ಪ್ರತ್ಯೇಕ ಜೇಬುಗಳಲ್ಲಿ.

ಕವರೇಜ್ ಇ ಎಂಬುದು ವೈಯಕ್ತಿಕ ಹೊಣೆಗಾರಿಕೆಯ ಜೇಬು. ಗಾಯಕ್ಕೆ ಕಾನೂನಿನ ದೃಷ್ಟಿಯಲ್ಲಿ ನೀವು ಹೊಣೆಯಾದರೆ ಮಾತ್ರ ಇದು ತೆರೆಯುತ್ತದೆ. ಇದರ ಮಿತಿ ಸಾಮಾನ್ಯವಾಗಿ 1,00,000 ಡಾಲರಿನಿಂದ ಆರಂಭವಾಗುತ್ತದೆ. 3,00,000 ಅಥವಾ 5,00,000 ಡಾಲರಿಗೆ ಏರಿಸಿಕೊಳ್ಳಬಹುದು. ಪರಿಹಾರದ ಹಣಕ್ಕಿಂತಲೂ ಬೆಲೆಯುಳ್ಳ ಒಂದು ಸೌಲಭ್ಯ ಇದರಲ್ಲಿದೆ: ನಿಮ್ಮ ಮೇಲೆ ಬಂದ ದಾವೆ ಹುರುಳಿಲ್ಲದ್ದಾದರೂ ಕಂಪನಿ ತನ್ನ ಖರ್ಚಿನಲ್ಲಿ ವಕೀಲರನ್ನು ನೇಮಿಸಿ ನಿಮ್ಮ ಪರವಾಗಿ ವಾದಿಸಬೇಕು, ಮತ್ತು ಪ್ರಮಾಣಿತ ನಮೂನೆಯಲ್ಲಿ ಆ ವಕೀಲರ ಖರ್ಚು ಮಿತಿಯ ಮೊತ್ತದಿಂದ ಕಳೆಯುವುದಿಲ್ಲ.

ಕವರೇಜ್ ಎಫ್ ಎಂಬುದು ಇತರರ ವೈದ್ಯಕೀಯ ವೆಚ್ಚದ ಚಿಕ್ಕ ಜೇಬು. ಇಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯೇ ಇಲ್ಲ. ನಿಮ್ಮ ಅನುಮತಿಯಿಂದ ಮನೆಗೆ ಬಂದವರಿಗೆ ಪೆಟ್ಟಾದರೆ ಆಂಬುಲೆನ್ಸ್, ಎಕ್ಸ್‌ರೇ, ಶಸ್ತ್ರಚಿಕಿತ್ಸೆ, ಹಲ್ಲಿನ ಚಿಕಿತ್ಸೆ ಮೊದಲಾದವುಗಳಿಗೆ, ಅಪಘಾತವಾದ ದಿನದಿಂದ 3 ವರ್ಷಗಳೊಳಗೆ ಆದ ಖರ್ಚಿಗೆ, ಮಿತಿಯವರೆಗೆ ಹಣ ಸಿಗುತ್ತದೆ. ಆ ಮಿತಿ ಎಷ್ಟೋ ಪಾಲಿಸಿಗಳಲ್ಲಿ ಒಬ್ಬರಿಗೆ ಬರೀ 1,000 ಡಾಲರ್; 5,000 ಡಾಲರಿಗೆ ಏರಿಸಿಕೊಂಡಿರುವವರೂ ಇದ್ದಾರೆ. ಆಂಬುಲೆನ್ಸು ಮತ್ತು ಎಕ್ಸ್‌ರೇಗೇ 1,000 ಡಾಲರ್ ಕರಗಿಹೋಗಬಹುದು.

ಮನೆಯ ಛಾವಣಿ ಹಾಳಾದಾಗ ಪರಿಹಾರದಿಂದ ಕಳೆಯುವ, ನೀವೇ ಭರಿಸಬೇಕಾದ ಡಿಡಕ್ಟಿಬಲ್ ಮೊತ್ತ ಈ ಎರಡೂ ಜೇಬುಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. "ನಮ್ಮ ಡಿಡಕ್ಟಿಬಲ್ ಎರಡೂವರೆ ಸಾವಿರ, ಈ ಬಿಲ್ಲಿಗೆ ಕ್ಲೇಮ್ ಮಾಡಿ ಏನು ಪ್ರಯೋಜನ" ಎಂದು ಸುಮ್ಮನಾದವರು ಸುಮ್ಮನಾದದ್ದು ತಪ್ಪು ಲೆಕ್ಕದ ಮೇಲೆ.

ಹಂತ 2: ಪೆಟ್ಟಾದವರು ಯಾರು ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ

ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಗಾಯಗೊಂಡವರು ನಿಮಗೆ ಏನಾಗಬೇಕು, ಎಲ್ಲಿ ವಾಸವಾಗಿದ್ದಾರೆ ಎಂಬುದರ ಮೇಲೆ ವಿಮೆಯ ಉತ್ತರ ನಿಂತಿದೆ. ನಮ್ಮವರಿಗೆ ಅತಿ ದೊಡ್ಡ ಆಘಾತವಾಗುವುದು ಈ ಹಂತದಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಪಾಲಿಸಿಯ ಪ್ರಕಾರ "ವಿಮಾದಾರರು" ಎಂದರೆ ಪಾಲಿಸಿಯಲ್ಲಿ ಹೆಸರಿರುವವರಷ್ಟೇ ಅಲ್ಲ. ಆ ಮನೆಯಲ್ಲಿ ವಾಸವಾಗಿರುವ ನಿಮ್ಮ ಬಂಧುಗಳೂ ವಿಮಾದಾರರೇ. ವಿಮಾದಾರರ ಮೈಗಾದ ಪೆಟ್ಟಿಗೆ ಹೊಣೆಗಾರಿಕೆಯ ಜೇಬು ತೆರೆಯುವುದಿಲ್ಲ, ಮತ್ತು ಮನೆಯಲ್ಲಿ ನಿತ್ಯ ವಾಸವಾಗಿರುವವರಿಗೆ ವೈದ್ಯಕೀಯ ವೆಚ್ಚದ ಜೇಬೂ ತೆರೆಯುವುದಿಲ್ಲ. ನಿಮ್ಮ ಹೆಂಡತಿ, ಗಂಡ, ಮಕ್ಕಳು ನಿಮ್ಮದೇ ಮೆಟ್ಟಿಲ ಮೇಲೆ ಜಾರಿದರೆ ಮನೆ ವಿಮೆಯಿಂದ ಬಿಡಿಗಾಸೂ ಬರದು. ಅದಕ್ಕೆ ಇರುವುದು ಆರೋಗ್ಯ ವಿಮೆ. ಬೇರೆ ಊರಿನಲ್ಲಿ ಓದುತ್ತಿರುವ, 24 ವರ್ಷ ತುಂಬದ ಮಗ ಅಥವಾ ಮಗಳು ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದು, ಹೊರಡುವ ಮುಂಚೆ ಈ ಮನೆಯಲ್ಲಿ ವಾಸವಾಗಿದ್ದರೆ, ಪ್ರಮಾಣಿತ ನಮೂನೆಯಲ್ಲಿ ಅವರೂ ವಿಮಾದಾರರೆಂದೇ ಲೆಕ್ಕ.

ಹಾಗಾದರೆ ಊರಿನಿಂದ ಬಂದ ಅಪ್ಪ-ಅಮ್ಮ? ಎರಡು ವಾರಕ್ಕೆಂದು ಬಂದು ಹೋಗುವವರು ಅತಿಥಿಗಳು ಎಂದು ಹೇಳಬಹುದು. ಗ್ರೀನ್ ಕಾರ್ಡ್ ಪಡೆದು ನಿಮ್ಮೊಡನೆಯೇ ಇರುವವರು ಖಚಿತವಾಗಿ ಮನೆಯ ವಾಸಿಗಳು. ಸಂದರ್ಶಕ ವೀಸಾದ ಮೇಲೆ ಬಂದು, ತಮಗೆಂದು ಒಂದು ಕೋಣೆ ಹೊಂದಿಸಿಕೊಂಡು, ಆರು ತಿಂಗಳು ಮೊಮ್ಮಕ್ಕಳನ್ನು ನೋಡಿಕೊಂಡಿರುವವರ ವಿಷಯದಲ್ಲಿ ಕಂಪನಿ "ಇವರು ವಾಸಿಗಳು" ಎಂದು ವಾದ ಹೂಡಲು ಅವಕಾಶವಿದೆ. ಆದ್ದರಿಂದ ಹೆತ್ತವರ ಪೆಟ್ಟಿಗೆ ಮನೆ ವಿಮೆಯನ್ನು ನೆಚ್ಚಬೇಡಿ. ಅವರು ವಿಮಾನ ಹತ್ತುವ ಮುಂಚೆಯೇ ಸಂದರ್ಶಕರ ಆರೋಗ್ಯ ವಿಮೆಯನ್ನು ತೆಗೆದಿಡಿ. ನಮ್ಮ ಉದಾಹರಣೆಯಲ್ಲಿ ಹಾಸನದ ತಾಯಿಯವರು ವಾಸವಿರುವುದು ಮಗನ ಮನೆಯಲ್ಲಿ, ಬಿದ್ದದ್ದು ನಿಮ್ಮ ಮನೆಯಲ್ಲಿ. ಮಗನ ಪಾಲಿಸಿ ಬಾಗಿಲು ಮುಚ್ಚಬಹುದಾದ ಅದೇ ಹಿರಿಯರಿಗೆ ನಿಮ್ಮ ಪಾಲಿಸಿ ಬಾಗಿಲು ತೆರೆಯುತ್ತದೆ. ವಿಚಿತ್ರವೆನಿಸಿದರೂ ಕರಾರಿನ ತರ್ಕ ಅದೇ.

ಮನೆಗೆಲಸದವರು, ಮಗು ನೋಡಿಕೊಳ್ಳುವವರು, ಅಡುಗೆಗೆ ಬರುವವರು ಬೇರೆ ಗುಂಪು. ಕೆಲಸಗಾರರ ಪರಿಹಾರ ಕಾನೂನು ಅನ್ವಯಿಸುವ ಗಾಯಗಳಿಗೆ ಎಚ್‌ಒ-3ರ ಈ ಭಾಗ ಸಲ್ಲುವುದಿಲ್ಲ. ಕ್ಯಾಲಿಫೋರ್ನಿಯ ಮತ್ತು ನ್ಯೂಜೆರ್ಸಿಗಳಲ್ಲಿ ಮನೆ ಪಾಲಿಸಿಯೊಳಗೇ ಮನೆಗೆಲಸದವರ ಪರಿಹಾರ ವಿಮೆ ಸೇರಿರಬೇಕೆಂಬ ನಿಯಮವಿದೆ. ಉಳಿದೆಡೆ ಏಜೆಂಟರನ್ನು ಕೇಳಿ ತಿಳಿದುಕೊಳ್ಳಬೇಕು. ಛಾವಣಿ ರಿಪೇರಿಗೆ, ಮರ ಕಡಿಯಲು ಬರುವ ಗುತ್ತಿಗೆದಾರರಿಂದ ಅವರ ವಿಮೆಯ ಪ್ರಮಾಣಪತ್ರವನ್ನು ಏಣಿ ಹತ್ತುವ ಮುಂಚೆಯೇ ಪಡೆಯಿರಿ. "ನಮಗೆ ಅದೆಲ್ಲ ಇಲ್ಲ, ಅದಕ್ಕೇ ರೇಟು ಕಡಿಮೆ" ಎಂಬ ಉತ್ತರ ಬಂದರೆ ಆ ರಿಯಾಯಿತಿಯ ಬೆಲೆ ಯಾರ ತಲೆಗೆ ಬರುತ್ತದೆಂದು ಯೋಚಿಸಿ.

ಹಂತ 3: ಮೊದಲ ಒಂದು ಗಂಟೆ

ಮೊದಲು ಶುಶ್ರೂಷೆ. 911ಕ್ಕೆ ಕರೆ ಮಾಡಬೇಕೋ ಬೇಡವೋ ಎಂಬ ಅನುಮಾನ ಬಂದರೆ ಕರೆ ಮಾಡಿ. ಸ್ಥಳದಲ್ಲಿ ಕೊಡುವ ಪ್ರಥಮ ಚಿಕಿತ್ಸೆಯ ಖರ್ಚಿಗೆ ಕಂಪನಿಯ ಒಪ್ಪಿಗೆ ಬೇಕಿಲ್ಲ. ಪಾಲಿಸಿಯೇ ಅದಕ್ಕೆ ಸ್ಪಷ್ಟ ವಿನಾಯಿತಿ ಕೊಟ್ಟಿದೆ.

ಅವರನ್ನು ಕಳುಹಿಸಿದ ಕೂಡಲೇ ಸ್ಥಳದ ಫೋಟೊ ತೆಗೆಯಿರಿ. ಮೆಟ್ಟಿಲನ್ನು ದೂರದಿಂದ ಒಮ್ಮೆ, ಜಾರಿದ ಜಾಗವನ್ನು ಹತ್ತಿರದಿಂದ ಒಮ್ಮೆ, ದೀಪ ಉರಿಯುತ್ತಿತ್ತೇ ಎಂಬುದು ಕಾಣುವಂತೆ ಒಮ್ಮೆ, ಹಿಡಿದು ಇಳಿಯುವ ಕಂಬಿ ಗಟ್ಟಿಯಾಗಿದೆಯೇ ಎಂದು ಒಮ್ಮೆ. ಮಂಜಿನ ಮೇಲೆ ಉಪ್ಪು ಹರಡಿದ್ದರೆ ಅದರ ಹರಳು ಕಾಣುವಷ್ಟು ಹತ್ತಿರದಿಂದ ತೆಗೆಯಿರಿ. ನಮ್ಮ ಮನೆಗಳಲ್ಲಿ ತಪ್ಪದೆ ತೆಗೆಯಬೇಕಾದ ಇನ್ನೊಂದು ಚಿತ್ರವಿದೆ: ಬಾಗಿಲ ಒಳಗೆ ರಾಶಿ ಬಿದ್ದಿರುವ ಚಪ್ಪಲಿ-ಬೂಟುಗಳದ್ದು. ನಲವತ್ತು ಜನ ಬಂದ ಪೂಜೆಯ ದಿನ ಆ ರಾಶಿಯನ್ನು ದಾಟುವಾಗ, ಬರೀ ಕಾಲುಚೀಲದಲ್ಲಿ ಮರದ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗುವಾಗ, ಬೋಂಡಾ ಕರಿದ ಗರಾಜಿನ ಎಣ್ಣೆ ಚೆಲ್ಲಿದ ನೆಲದ ಮೇಲೆ, ಹೀಗೆ ಬೀಳಲು ನಮ್ಮಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಫೋಟೊ ತೆಗೆದ ಮೇಲೆ, ಇನ್ನೊಬ್ಬರು ಬೀಳದಂತೆ ಆ ಜಾಗವನ್ನು ಸರಿಪಡಿಸಿ. ಮುರಿದ ಮೆಟ್ಟಿಲ ಹಲಗೆಯಂಥ ವಸ್ತುವನ್ನು ಬದಲಿಸಿದರೆ ಹಳೆಯದನ್ನು ಎಸೆಯದೆ ಗರಾಜಿನಲ್ಲಿಡಿ.

ನೋಡಿದವರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಆ ರಾತ್ರಿಯೇ ಬರೆದುಕೊಳ್ಳಿ. ಮುಂದಿನ ಯುಗಾದಿಯ ಹೊತ್ತಿಗೆ ಯಾರು ಎಲ್ಲಿ ನಿಂತಿದ್ದರು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಆಮೇಲೆ, ವಾಟ್ಸ್‌ಆ್ಯಪ್. ಎಷ್ಟೋ ಕ್ಲೇಮುಗಳು ಕೆಡುವುದು ಇಲ್ಲಿ. ಆ ರಾತ್ರಿ ಹನ್ನೊಂದಕ್ಕೆ ಗೆಳೆಯರಿಗೆ ಹೋಗುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: "ತುಂಬಾ ಬೇಜಾರಾಯ್ತು. ತಪ್ಪು ನಮ್ದೇ, ಮೆಟ್ಟಿಲಿಗೆ ಉಪ್ಪು ಹಾಕೋದು ಮರೆತ್ವಿ. ಅಮ್ಮನ ಆಸ್ಪತ್ರೆ ಖರ್ಚೆಲ್ಲ ನಮ್ದು, ಯೋಚ್ನೆ ಮಾಡ್ಬೇಡಿ." ಮನಸ್ಸು ಒಳ್ಳೆಯದು, ವಾಕ್ಯಗಳು ಕೆಟ್ಟವು. ಪ್ರಥಮ ಚಿಕಿತ್ಸೆಯ ಹೊರತಾಗಿ ವಿಮಾದಾರರು ತಾವಾಗಿ ಹಣ ಕೊಟ್ಟರೆ, ಹೊಣೆ ಹೊತ್ತರೆ, ಖರ್ಚು ಮಾಡಿದರೆ ಅದು ಅವರ ಸ್ವಂತ ಜೇಬಿನಿಂದಲೇ ಎಂದು ಪಾಲಿಸಿ ಹೇಳುತ್ತದೆ. ಹೀಗೆ ಬರೆಯಿರಿ: "ಅಮ್ಮನ ಕೈ ಈಗ ಹೇಗಿದೆ? ನಮ್ಮ ಮನೆ ವಿಮಾ ಕಂಪನಿಗೆ ತಿಳಿಸ್ತಿದ್ದೀವಿ, ಅವರು ನಿಮ್ಮನ್ನ ಸಂಪರ್ಕಿಸ್ತಾರೆ. ಬಿಲ್ಲುಗಳನ್ನೆಲ್ಲ ಎತ್ತಿಟ್ಟಿರಿ." ಇದರಲ್ಲಿ ಪ್ರೀತಿಗೇನೂ ಕೊರತೆಯಾಗಿಲ್ಲ. ಮೊದಲ ಸಂದೇಶವನ್ನು ಈಗಾಗಲೇ ಕಳುಹಿಸಿಬಿಟ್ಟಿದ್ದರೆ ಅಳಿಸಲು ಹೋಗಬೇಡಿ. ಸಾಕ್ಷ್ಯ ನಾಶವೆಂಬ ಇನ್ನೊಂದು ತಲೆನೋವನ್ನು ತಂದುಕೊಳ್ಳುವ ಬದಲು ಕಂಪನಿಗೆ ಇದ್ದದ್ದನ್ನು ಇದ್ದಂತೆ ಹೇಳಿ.

ಹಂತ 4: ಕಂಪನಿಗೆ ತಿಳಿಸುವುದು

ಮರುದಿನವೇ ತಿಳಿಸಿ. ಪ್ರಮಾಣಿತ ಪಾಲಿಸಿ ಕೇಳುವುದು ಲಿಖಿತ ಸೂಚನೆಯನ್ನು, ಅದೂ ಸಾಧ್ಯವಾದಷ್ಟು ಬೇಗ. ಫೋನಿನಲ್ಲಿ ಅಥವಾ ಆ್ಯಪಿನಲ್ಲಿ ತಿಳಿಸಿದರೂ ಅದೇ ವಿಷಯವನ್ನು ಇಮೇಲಿನಲ್ಲಿ ಬರೆದು ಕಳುಹಿಸಿ, ಕ್ಲೇಮ್ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ಪಾಲಿಸಿ ಸಂಖ್ಯೆ, ಘಟನೆಯ ಸಮಯ ಮತ್ತು ಸ್ಥಳ, ನಡೆದದ್ದು, ಪೆಟ್ಟಾದವರ ಮತ್ತು ಸಾಕ್ಷಿಗಳ ವಿವರ, ಇವಿಷ್ಟು ಇರಲಿ. ನೀವು ಕಂಡದ್ದನ್ನು ಬರೆಯಿರಿ. "ಬಹುಶಃ ಅವರು ಅವಸರದಲ್ಲಿದ್ದರು" ಎಂಬಂಥ ಊಹೆಗಳನ್ನು ಬಿಡಿ. ಅಂಬ್ರೆಲಾ ಪಾಲಿಸಿ ಇದ್ದರೆ ಆ ಕಂಪನಿಗೂ ಅದೇ ದಿನ ತಿಳಿಸಬೇಕು. ಇದನ್ನು ಮರೆಯುವವರ ಸಂಖ್ಯೆ ದೊಡ್ಡದು.

"ಅವರು ನಮ್ಮವರು, ನಮ್ಮ ಮೇಲೆ ಕೇಸು ಹಾಕುವವರಲ್ಲ, ಸುಮ್ಮನೆ ಏಕೆ ರೆಕಾರ್ಡು ಕೆಡಿಸಿಕೊಳ್ಳುವುದು" ಎಂಬ ಮಾತನ್ನು ಪ್ರತಿ ಬಾರಿಯೂ ಕೇಳುತ್ತೇನೆ. ಕ್ಲೇಮುಗಳ ಇತಿಹಾಸ, ವಿಮಾ ಕಂಪನಿಗಳು ತರಿಸಿ ನೋಡುವ ಕ್ಲೂ ಎಂಬ ವರದಿಯಲ್ಲಿ 7 ವರ್ಷ ಉಳಿಯುತ್ತದೆ ಮತ್ತು ಮುಂದಿನ ಪ್ರೀಮಿಯಂ ಮೇಲೆ ಪ್ರಭಾವ ಬೀರಬಹುದು ಎಂಬುದು ನಿಜ. ಆದರೆ ಕೇಸು ಹಾಕುವ ನಿರ್ಧಾರ ಗೆಳೆಯರ ಕೈಯಲ್ಲಿಯೇ ಇರುತ್ತದೆಂಬ ನಂಬಿಕೆ ನಿಜವಲ್ಲ. ಪೆಟ್ಟಾದವರಿಗೆ ಇಲ್ಲಿನ ಉದ್ಯೋಗದ ಆರೋಗ್ಯ ವಿಮೆ ಇದ್ದರೆ, ಮುರಿದ ಮೂಳೆಯ ಬಿಲ್ಲು ಕಂಡ ಕೆಲವು ವಾರಗಳಲ್ಲಿ ಆ ಕಂಪನಿಯಿಂದ ಅವರಿಗೊಂದು ಪ್ರಶ್ನಾವಳಿ ಬರುತ್ತದೆ: ಪೆಟ್ಟಾದದ್ದು ಎಲ್ಲಿ, ಆ ಜಾಗ ಯಾರದು, ಅವರಿಗೆ ವಿಮೆ ಇದೆಯೇ. ಅದಕ್ಕೆ ಸತ್ಯವಾಗಿ ಉತ್ತರಿಸುವುದು ಅವರ ಕರಾರಿನ ಕರ್ತವ್ಯ. ಆರೋಗ್ಯ ವಿಮಾ ಕಂಪನಿ ತಾನು ಕೊಟ್ಟ ಹಣವನ್ನು ನಿಮ್ಮ ಕಡೆಯಿಂದ ವಸೂಲು ಮಾಡಲು ಮುಂದಾದರೆ ಅದರಲ್ಲಿ ಗೆಳೆತನದ ಪಾತ್ರವೇನೂ ಇರುವುದಿಲ್ಲ. ಎಂಟು ತಿಂಗಳ ನಂತರ ಆ ಕಾಗದ ಬಂದಾಗ ನಿಮ್ಮ ಕಂಪನಿ ಕೇಳುವ ಮೊದಲ ಪ್ರಶ್ನೆ, ಇಷ್ಟು ದಿನ ನಮಗೇಕೆ ತಿಳಿಸಲಿಲ್ಲ ಎಂಬುದು.

ಹಂತ 5: ಚಿಕ್ಕ ಜೇಬನ್ನು ಮೊದಲು ಬಳಸಿ

ಕ್ಲೇಮ್ ತೆರೆದ ಮೇಲೆ, ಅದನ್ನು ಕಂಪನಿಯ ಪರವಾಗಿ ಪರಿಶೀಲಿಸುವ ಅಡ್ಜಸ್ಟರನ್ನು ಕವರೇಜ್ ಎಫ್ ಕುರಿತು ನೀವಾಗಿಯೇ ಕೇಳಿ. ಈ ಹಣ ಪಡೆಯಲು ಪೆಟ್ಟಾದವರು ಖರ್ಚಿನ ಲಿಖಿತ ವಿವರ ಕೊಡಬೇಕು, ವೈದ್ಯಕೀಯ ದಾಖಲೆ ಪಡೆಯಲು ಅನುಮತಿ ಕೊಡಬೇಕು, ಕಂಪನಿ ಹೇಳಿದರೆ ಅದು ಆರಿಸಿದ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕು. ಈ ಜೇಬಿನಿಂದ ಹಣ ಕೊಟ್ಟರೆ ಅದು ನಿಮ್ಮ ತಪ್ಪೊಪ್ಪಿಗೆ ಎಂದಾಗುವುದಿಲ್ಲ. ಹಾಸನದ ತಾಯಿಯವರ ಸಂದರ್ಶಕ ವಿಮೆಯಲ್ಲಿ ಅವರೇ ಭರಿಸಬೇಕಾದ ಪಾಲನ್ನು ಬಹುಮಟ್ಟಿಗೆ ತುಂಬಲು ಇದು ಸಾಕಾಗಬಹುದು. ಎಷ್ಟೋ ಪ್ರಕರಣಗಳು ಇಲ್ಲಿಗೇ ತಣ್ಣಗಾಗುತ್ತವೆ.

ಪೆಟ್ಟು ಮನೆಯಂಗಳದಲ್ಲಿಯೇ ಆಗಿರಬೇಕೆಂದಿಲ್ಲ. ಮನೆಗೆ ಅಂಟಿಕೊಂಡ ಕಾಲುದಾರಿಯ ಲೋಪದಿಂದಾದ ಗಾಯಕ್ಕೂ, ಉದ್ಯಾನದಲ್ಲಿ ನಿಮ್ಮ ನಾಯಿ ಕಚ್ಚಿದ್ದಕ್ಕೂ ಪ್ರಮಾಣಿತ ನಮೂನೆಯಲ್ಲಿ ಈ ಜೇಬು ಸಲ್ಲುತ್ತದೆ.

ಹಂತ 6: ಹೊಣೆಗಾರಿಕೆಯ ಪ್ರಶ್ನೆ ಎದ್ದಾಗ

ಖರ್ಚು ಚಿಕ್ಕ ಜೇಬನ್ನು ಮೀರಿದರೆ ಅಥವಾ ವಕೀಲರ ಪತ್ರ ಬಂದರೆ, ಗಾಯಕ್ಕೆ ನೀವು ಹೊಣೆಯೇ ಎಂಬ ಪ್ರಶ್ನೆ ಏಳುತ್ತದೆ. ಮನೆಯಲ್ಲಿ ಬಿದ್ದರು ಎಂದ ಮಾತ್ರಕ್ಕೆ ಮನೆಯವರು ಹೊಣೆಯಾಗುವುದಿಲ್ಲ. ನ್ಯೂಜೆರ್ಸಿಯಲ್ಲಿ ಊಟಕ್ಕೆ ಬಂದ ಅತಿಥಿಗೆ, ನಿಮಗೆ ಗೊತ್ತಿದ್ದು ಅವರಿಗೆ ಕಾಣದಂತಿರುವ ಅಪಾಯವನ್ನು ತಿಳಿಸುವ ಕರ್ತವ್ಯ ನಿಮ್ಮದು. ಕ್ಯಾಲಿಫೋರ್ನಿಯದಲ್ಲಿ 1968ರ ರೋಲೆಂಡ್-ಕ್ರಿಶ್ಚಿಯನ್ ತೀರ್ಪಿನ ನಂತರ, ಬಂದವರು ಅತಿಥಿಯೇ ಗ್ರಾಹಕರೇ ಎಂಬ ಭೇದಕ್ಕಿಂತ ಮನೆಯವರು ಸಮಂಜಸ ಎಚ್ಚರಿಕೆ ವಹಿಸಿದರೇ ಎಂಬುದೇ ಮುಖ್ಯ. ಬಿದ್ದವರ ಅಜಾಗರೂಕತೆಯನ್ನೂ ತೂಗಲಾಗುತ್ತದೆ: ಅವರ ತಪ್ಪು ನಿಮ್ಮದಕ್ಕಿಂತ ಹೆಚ್ಚೆಂದು ಸಾಬೀತಾದರೆ ನ್ಯೂಜೆರ್ಸಿಯಲ್ಲಿ ಅವರಿಗೆ ಪರಿಹಾರವೇ ಇಲ್ಲ, ಕ್ಯಾಲಿಫೋರ್ನಿಯದಲ್ಲಿ ಅವರ ತಪ್ಪಿನ ಪಾಲಿನಷ್ಟು ಮಾತ್ರ ಕಡಿತವಾಗುತ್ತದೆ. ನಾಯಿ ಕಚ್ಚಿದಾಗ ಲೆಕ್ಕ ಬೇರೆ. ಈ ಎರಡೂ ರಾಜ್ಯಗಳಲ್ಲಿ "ನಮ್ಮ ನಾಯಿ ಇದುವರೆಗೆ ಯಾರಿಗೂ ಕಚ್ಚಿಲ್ಲ" ಎಂಬ ಮಾತು ಮಾಲೀಕರನ್ನು ಉಳಿಸುವುದಿಲ್ಲ.

ಈ ಹಂತದಲ್ಲಿ ನಿಮ್ಮ ಕೆಲಸ ವಾದಿಸುವುದಲ್ಲ, ಸಹಕರಿಸುವುದು. ನಿಮ್ಮ ಕಂಪನಿಯ ಅಡ್ಜಸ್ಟರ್ ಹೇಳಿಕೆ ಕೇಳಿದರೆ ಕೊಡಬೇಕು; ಎದುರು ಪಕ್ಷದ ವಕೀಲರೋ ಅವರ ವಿಮಾ ಕಂಪನಿಯೋ ಫೋನು ಮಾಡಿದರೆ ಕ್ಲೇಮ್ ಸಂಖ್ಯೆ ಕೊಟ್ಟು ಮಾತು ಮುಗಿಸಬೇಕು. ಸಮನ್ಸ್ ಬಂದ ದಿನವೇ ಅದನ್ನು ಕಂಪನಿಗೆ ರವಾನಿಸಿ, ಮುಟ್ಟಿದೆಯೆಂದು ಖಚಿತಪಡಿಸಿಕೊಳ್ಳಿ. ಉತ್ತರ ಸಲ್ಲಿಸಲು ಕ್ಯಾಲಿಫೋರ್ನಿಯದಲ್ಲಿ 30 ದಿನ, ನ್ಯೂಜೆರ್ಸಿಯಲ್ಲಿ 35 ದಿನ ಮಾತ್ರ ಇರುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗಿ ಆರು ವಾರದ ನಂತರ ಬಂದು ಅಂಚೆ ಪೆಟ್ಟಿಗೆ ತೆರೆಯುವವರು ಈ ಲೆಕ್ಕವನ್ನು ನೆನಪಿಡಬೇಕು.

ಮೂರು ಎಚ್ಚರಿಕೆಯ ಗಂಟೆಗಳಿವೆ. ಮೊದಲನೆಯದು ರಿಸರ್ವೇಷನ್ ಆಫ್ ರೈಟ್ಸ್ ಎಂಬ ಹೆಸರಿನ ಪತ್ರ: ಸದ್ಯಕ್ಕೆ ನಿಮ್ಮ ಪರ ವಾದಿಸುತ್ತೇವೆ, ಆದರೆ ಈ ಗಾಯಕ್ಕೆ ಪಾಲಿಸಿ ಸಲ್ಲುವುದಿಲ್ಲವೆಂದು ಮುಂದೆ ಹೇಳುವ ಹಕ್ಕು ನಮಗಿರಲಿ ಎಂಬುದು ಅದರ ಸಾರ. ಎರಡನೆಯದು, ಬೇಡಿಕೆಯ ಮೊತ್ತ ನಿಮ್ಮ ಮಿತಿಯನ್ನು ಮೀರಬಹುದೆಂಬ ಸೂಚನೆ. ಮೂರನೆಯದು, ಎದುರಿನವರು ಮಿತಿಯೊಳಗೇ ರಾಜಿಗೆ ಒಪ್ಪಿ ಗಡುವು ಕೊಟ್ಟಿದ್ದರೂ ಕಂಪನಿ ಉತ್ತರಿಸದಿರುವುದು. ಇವುಗಳಲ್ಲಿ ಯಾವುದು ಕಂಡರೂ ಕಂಪನಿ ಕೊಟ್ಟ ವಕೀಲರ ಜೊತೆಗೆ, ವಿಮಾ ಕಾನೂನು ಬಲ್ಲ ಸ್ವಂತ ವಕೀಲರೊಬ್ಬರ ಸಲಹೆ ಪಡೆಯಿರಿ. ಮೂರನೆಯ ಸಂದರ್ಭದಲ್ಲಿ, ಮಿತಿಯೊಳಗೆ ರಾಜಿ ಮಾಡಿಕೊಳ್ಳುವಂತೆ ಕಂಪನಿಯನ್ನು ನೀವು ಬರಹದಲ್ಲಿ ಒತ್ತಾಯಿಸಿರಬೇಕು. ದುರುದ್ದೇಶದಿಂದ ಅಂಥ ರಾಜಿಯನ್ನು ತಿರಸ್ಕರಿಸಿದ ಕಂಪನಿ ಮಿತಿ ಮೀರಿದ ಮೊತ್ತವನ್ನೂ ತಾನೇ ಕೊಡಬೇಕಾಗುತ್ತದೆಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1974ರ ರೋವಾ ಫಾರ್ಮ್ಸ್ ಪ್ರಕರಣದಲ್ಲಿ ಹೇಳಿದೆ.

ಹಂತ 7: ಪಾಲಿಸಿ ಕೈಕೊಡುವ ಜಾಗಗಳನ್ನು ನವೀಕರಣಕ್ಕೆ ಮುಂಚೆ ಪರಿಶೀಲಿಸಿ

ಎಲ್ಲ ಪಾಲಿಸಿಗಳಲ್ಲಿಯೂ ಹೊರಗಿಟ್ಟಿರುವ ಉದ್ದೇಶಪೂರ್ವಕ ಪೆಟ್ಟು, ವಾಹನದಿಂದಾದ ಗಾಯ ಮೊದಲಾದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ನಿಜವಾಗಿ ತೊಡಕಾಗುವುದು ವ್ಯಾಪಾರದಿಂದಾದ ಗಾಯವನ್ನು ಹೊರಗಿಡುವ ಷರತ್ತು. ನೆಲಮಾಳಿಗೆಯಲ್ಲಿ ವಾರಕ್ಕೆರಡು ದಿನ ಭರತನಾಟ್ಯದ ತರಗತಿ, ಶನಿವಾರ ಸಂಗೀತ ಪಾಠ, ಆರ್ಡರಿನ ಮೇಲೆ ಹೋಳಿಗೆ-ಚಕ್ಕುಲಿ, ಎರಡು ಮಕ್ಕಳನ್ನು ಹಣ ಪಡೆದು ನೋಡಿಕೊಳ್ಳುವುದು, ಇವೆಲ್ಲ ಪಾಲಿಸಿಯ ಭಾಷೆಯಲ್ಲಿ ವ್ಯಾಪಾರವೆನಿಸಬಹುದು. ತೀರ ಚಿಕ್ಕ ಆದಾಯಕ್ಕೆ ವಿನಾಯಿತಿ ಕೊಡುವ ಸಾಲೊಂದು ಇರುತ್ತದೆ, ಆದರೆ ಹದಿನೈದು ಶಿಷ್ಯೆಯರ ತರಗತಿ ಅದರೊಳಗೆ ಹಿಡಿಸದು. ತರಗತಿಗೆ ಬಂದ ಮಗು ಬಿದ್ದು ಕಾಲು ಮುರಿದುಕೊಂಡ ದಿನ ಅದೇ ನೆಲಮಾಳಿಗೆ ಕಂಪನಿಯ ಕಣ್ಣಿಗೆ ಬೇರೆಯೇ ಕಟ್ಟಡವಾಗಿ ಕಾಣುತ್ತದೆ. ಗುರುದಕ್ಷಿಣೆ ಎಂದು ಕರೆದರೂ, ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಜೆಲ್‌ನಲ್ಲಿ ಪ್ರತಿ ತಿಂಗಳು ಬಂದ ಹಣಕ್ಕೆ ದಾಖಲೆ ಇದ್ದೇ ಇರುತ್ತದೆ. ಏಜೆಂಟರಿಗೆ ತಿಳಿಸಿ, ಮನೆ ವ್ಯಾಪಾರಕ್ಕೆ ಸಲ್ಲುವ ಎಂಡಾರ್ಸ್‌ಮೆಂಟನ್ನೋ ಪ್ರತ್ಯೇಕ ಪಾಲಿಸಿಯನ್ನೋ ತೆಗೆದುಕೊಳ್ಳಿ.

ಟ್ರ್ಯಾಂಪೊಲಿನ್, ಈಜುಕೊಳ, ನಾಯಿ, ಇವು ಮನೆಗೆ ಬಂದ ದಿನವೇ ಕಂಪನಿಗೆ ತಿಳಿದಿರಬೇಕು. ಕೆಲವು ಕಂಪನಿಗಳು ಇವುಗಳಿಂದಾದ ಗಾಯವನ್ನು ಎಂಡಾರ್ಸ್‌ಮೆಂಟಿನ ಮೂಲಕ ಹೊರಗಿಡುತ್ತವೆ. ಬಾಡಿಗೆಗೆ ಕೊಟ್ಟಿರುವ ಎರಡನೆಯ ಮನೆಗೆ ಬೇರೆ ಪಾಲಿಸಿ ಬೇಕು. ಬೆಂಗಳೂರಿನ ನಿಮ್ಮ ಮನೆಯ ಮಾಳಿಗೆಯಿಂದ ಯಾರಾದರೂ ಬಿದ್ದರೆ ನ್ಯೂಜೆರ್ಸಿಯ ಪಾಲಿಸಿ ಅದಕ್ಕೆ ಸಲ್ಲುವುದಿಲ್ಲ, ಏಕೆಂದರೆ ನಿಮ್ಮ ಒಡೆತನದಲ್ಲಿದ್ದೂ ಪಾಲಿಸಿಯಲ್ಲಿ ಸೇರದ ಕಟ್ಟಡ ಅದು. ಮದ್ಯ ಕೊಡುವ ಮನೆಗಳಿಗೆ ಇನ್ನೊಂದು ಮಾತು: ಕಣ್ಣಿಗೆ ಕಾಣುವಷ್ಟು ಅಮಲೇರಿದ ಅತಿಥಿಗೆ ಮತ್ತೆ ಸುರಿದು, ಅವರು ಕಾರು ಓಡಿಸಿ ಮೂರನೆಯವರಿಗೆ ಪೆಟ್ಟು ಮಾಡಿದರೆ ಮನೆಯವರೂ ಹೊಣೆಯಾಗಬಹುದೆಂದು ನ್ಯೂಜೆರ್ಸಿ 1984ರಿಂದಲೂ ಹೇಳುತ್ತಿದೆ.

ಹಂತ 8: ಮಿತಿಗಳನ್ನು ಏರಿಸಿ, ಫೈಲನ್ನು ಉಳಿಸಿ

ಕವರೇಜ್ ಇ 1,00,000 ಡಾಲರಿನಲ್ಲಿದ್ದರೆ ಅದು ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಸೊಂಟದ ಶಸ್ತ್ರಚಿಕಿತ್ಸೆ, ಕೆಲವು ತಿಂಗಳ ಸಂಬಳ ನಷ್ಟ, ನೋವಿನ ಪರಿಹಾರ ಸೇರಿದರೆ ಆ ಮಿತಿ ದಾಟಲು ಹೊತ್ತು ಹಿಡಿಯದು. 3,00,000ಕ್ಕಾದರೂ ಏರಿಸಿ, ಅದರ ಮೇಲೆ ಅಂಬ್ರೆಲಾ ಪಾಲಿಸಿ ಕೊಡುವ ಕಂಪನಿಗಳು ಹೇಗೂ ಸಾಮಾನ್ಯವಾಗಿ ಅಷ್ಟನ್ನಾದರೂ ಕೇಳುತ್ತವೆ, ಮತ್ತು ಅಂಬ್ರೆಲಾ 10 ಲಕ್ಷ ಡಾಲರಿನ ಲೆಕ್ಕದಲ್ಲಿ ಸಿಗುತ್ತದೆ. ಕವರೇಜ್ ಎಫ್ ಅನ್ನು 5,000ಕ್ಕೆ ಏರಿಸಲು ತಗಲುವ ಹೆಚ್ಚುವರಿ ಪ್ರೀಮಿಯಂ ಸಾಮಾನ್ಯವಾಗಿ ಅತ್ಯಲ್ಪ. ಈ ಏರಿಕೆಗಳು ಮುಂದಿನ ಘಟನೆಗಳಿಗೆ ಮಾತ್ರ. ಆಗಿಹೋದ ಗಾಯಕ್ಕೆ ಆ ದಿನ ಇದ್ದ ಮಿತಿಯೇ ಗತಿ.

ಇದೇ ಕಾರಣಕ್ಕೆ ಹಳೆಯ ಪಾಲಿಸಿಯನ್ನು ಎಸೆಯಬಾರದು. ದಾವೆ ಯಾವಾಗ ಬಂದರೂ ಅದಕ್ಕೆ ಉತ್ತರಿಸಬೇಕಾದದ್ದು ಗಾಯವಾದ ದಿನ ಜಾರಿಯಲ್ಲಿದ್ದ ಪಾಲಿಸಿ. ನಡುವೆ ನೀವು ಕಂಪನಿ ಬದಲಿಸಿದ್ದರೂ, ಆ ಮನೆಯನ್ನೇ ಮಾರಿದ್ದರೂ ಇದು ಬದಲಾಗದು. ದೊಡ್ಡವರ ಗಾಯಕ್ಕೆ ದಾವೆ ಹೂಡುವ ಅವಧಿ ನ್ಯೂಜೆರ್ಸಿ, ಕ್ಯಾಲಿಫೋರ್ನಿಯ, ಟೆಕ್ಸಸ್‌ಗಳಲ್ಲಿ 2 ವರ್ಷ, ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್‌ಗಳಲ್ಲಿ 3 ವರ್ಷ. ಮಕ್ಕಳ ವಿಷಯದಲ್ಲಿ ಈ ಗಡಿಯಾರ ಸಾಮಾನ್ಯವಾಗಿ ಅವರಿಗೆ 18 ತುಂಬಿದ ಮೇಲಷ್ಟೇ ಓಡಲು ತೊಡಗುತ್ತದೆ. ನಿಮ್ಮ ಹಿತ್ತಲಿನ ಟ್ರ್ಯಾಂಪೊಲಿನಿನಿಂದ ಬಿದ್ದು ಮೊಣಕೈ ಮುರಿದುಕೊಂಡ ಗೆಳೆಯರ ಮಗಳಿಗೆ ಈಗ ಆರು ವರ್ಷವಾಗಿದ್ದರೆ, ಆ ವರ್ಷದ ಪಾಲಿಸಿ, ಫೋಟೊಗಳು ಮತ್ತು ಕ್ಲೇಮ್ ಸಂಖ್ಯೆ ಬರೆದ ನೋಟ್‌ಬುಕ್ ಇರುವ ಫೈಲು ಅವಳಿಗೆ ಇಪ್ಪತ್ತು ತುಂಬುವವರೆಗೂ ನಿಮ್ಮ ಕಪಾಟಿನಲ್ಲಿರಬೇಕು.